ಶುಗರ್ ಇರುವವರು ಹಾರ್ಟ್‌ಗಾಗಿ ಯಾವ ರಕ್ತ ಪರೀಕ್ಷೆ ಮಾಡಿಸಬೇಕು? ಎಲ್‌ಡಿಎಲ್ ನಾರ್ಮಲ್ ಇದ್ದರೂ ಮಾತ್ರೆ ಬೇಕಾ?

ನಿಮ್ಮ ವಯಸ್ಸು 44, ಐದು ವರ್ಷದಿಂದ ಶುಗರ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6.6, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 108 ಅಂತ ಪ್ರಶ್ನೆಯಲ್ಲಿ ಬರೆದಿದ್ದೀರಿ. ಡಾಕ್ಟರ್ ಸ್ಟ್ಯಾಟಿನ್, ಅಂದರೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಬರೆದಿದ್ದಾರೆ. ನೀವು ಮಾತ್ರೆ ಪಕ್ಕಕ್ಕಿಟ್ಟು, ಮೊದಲು ಸಿಆರ್‌ಪಿ, ಹೋಮೋಸಿಸ್ಟೀನ್, ಅಪೊಬಿ, ಲೈಪೊಪ್ರೋಟೀನ್-ಎ ಅನ್ನುವ ರಕ್ತ ಪರೀಕ್ಷೆ ಎಲ್ಲಾ ಮಾಡಿಸಿ ಆಮೇಲೆ ನೋಡೋಣ ಅಂತಿದ್ದೀರಿ. ಓದಿ ಎದೆ ಧಸಕ್ ಅಂತು. ಏಳು ವರ್ಷದ ಹಿಂದೆ ನಾನೂ ಇದೇ ಜಾಗದಲ್ಲಿ ನಿಂತಿದ್ದೆ.

ನಾನು ಶಿವಮೊಗ್ಗದಲ್ಲಿ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. 38ನೇ ವಯಸ್ಸಿಗೆ ಶುಗರ್ ಬಂತು. ಬಂದ ಮೇಲೆ ಶಿಸ್ತಾಗಿದ್ದೆ. ಅನ್ನ ಕಡಿಮೆ ಮಾಡಿದೆ, ಬೆಳಿಗ್ಗೆ ಒಂದು ಗಂಟೆ ನಡೆಯುತ್ತಿದ್ದೆ. ಎಚ್‌ಬಿಎ1ಸಿ ಒಮ್ಮೆಯೂ 7 ದಾಟಲಿಲ್ಲ. 42ಕ್ಕೆ ನಮ್ಮ ಡಾಕ್ಟರ್ ಅಟೊರ್ವಾಸ್ಟ್ಯಾಟಿನ್ 10 ಮಿಲಿಗ್ರಾಂ ಬರೆದುಕೊಟ್ಟರು, ಅದೂ ಒಂದು ಸ್ಟ್ಯಾಟಿನ್. ಮೂರು ತಿಂಗಳಿಗೆ ಎಲ್‌ಡಿಎಲ್ 74ಕ್ಕೆ ಬಂತು. ಇಳಿಯಿತಲ್ಲ, ಇನ್ನು ಯಾಕೆ ಅಂತ ಮಾತ್ರೆ ಬಿಟ್ಟೆ. ಡಾಕ್ಟರಿಗೆ ಹೇಳಲೂ ಇಲ್ಲ.

ಒಂದು ವರ್ಷ ಬಿಟ್ಟು ನಾನೇ ಹೋಗಿ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಮಾಡಿಸಿದೆ. ಆ ಕಾಗದ ಇವತ್ತಿಗೂ ಫೈಲಿನಲ್ಲಿದೆ. ಒಟ್ಟು ಕೊಲೆಸ್ಟ್ರಾಲ್ 196, ಪಕ್ಕದಲ್ಲಿ ‘200ರ ಒಳಗೆ’ ಅಂತ ಅಚ್ಚಾಗಿತ್ತು. ಎಲ್‌ಡಿಎಲ್ 104, ಪಕ್ಕದಲ್ಲಿ ‘130ರ ಒಳಗೆ’. ಮಿತಿ ತಪ್ಪಿದೆ ಅನ್ನುವ ನಕ್ಷತ್ರದ ಗುರುತು ಎರಡಕ್ಕೂ ಇಲ್ಲ. ನಕ್ಷತ್ರ ಇದ್ದದ್ದು ಎರಡಕ್ಕೆ: ಟ್ರೈಗ್ಲಿಸರೈಡ್ (ರಕ್ತದ ಇನ್ನೊಂದು ಬಗೆಯ ಕೊಬ್ಬು) 290, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 34. ಹಿಂದಿನ ದಿನ ನೆಂಟರ ಮದುವೆ ಊಟ ಮಾಡಿದ್ದೆ, ಅದರದ್ದೇ ಇರಬೇಕು ಅಂದುಕೊಂಡೆ. ಮಾತ್ರೆ ಇಲ್ಲದೆಯೂ ಎಲ್‌ಡಿಎಲ್ ನಾರ್ಮಲ್ ಇದೆ, ಸಾಕು ಅಂತ ಫೈಲ್ ಮುಚ್ಚಿದೆ.

ನನ್ನ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಲ್ಯಾಬಿನವರು ಪಕ್ಕದಲ್ಲಿ ಅಚ್ಚು ಹಾಕುವ ಆ ಮಿತಿ ಎಲ್ಲರಿಗೂ ಸೇರಿಸಿ ಇಟ್ಟದ್ದು. ರಕ್ತ ಕೊಟ್ಟವರಿಗೆ ಶುಗರ್ ಇದೆಯಾ, ಮನೆತನದಲ್ಲಿ ಯಾರಾದರೂ ಹಾರ್ಟ್ ಅಟ್ಯಾಕ್ ಆಗಿ ಹೋಗಿದ್ದಾರಾ, ಆ ಮಷೀನಿಗೆ ಗೊತ್ತಿಲ್ಲ. ಶುಗರ್ ಜೊತೆಗೆ ಇನ್ನೂ ಒಂದೆರಡು ಅಪಾಯ ಇರುವವರಿಗೆ ಡಾಕ್ಟರುಗಳು ಇಟ್ಟುಕೊಳ್ಳುವ ಎಲ್‌ಡಿಎಲ್ ಗುರಿ 70ರ ಒಳಗೆ. ಒಮ್ಮೆ ಅಟ್ಯಾಕ್ ಆದವರಿಗೆ 55ರ ಒಳಗೆ. ಅಂದರೆ ನಕ್ಷತ್ರ ಇಲ್ಲದ ನನ್ನ 104 ನನ್ನ ಪಾಲಿಗೆ ನಾರ್ಮಲ್ ಆಗಿರಲೇ ಇಲ್ಲ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಆ 104 ಅಳೆದ ಸಂಖ್ಯೆಯೇ ಅಲ್ಲ, ಲೆಕ್ಕ ಹಾಕಿ ತೆಗೆದದ್ದು. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಜೊತೆಗಾರರು ಕೊಟ್ಟ ಸೂತ್ರ ಅದು. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಕಳೆಯಬೇಕು, ಟ್ರೈಗ್ಲಿಸರೈಡ್‌ನ ಐದನೇ ಒಂದು ಪಾಲನ್ನೂ ಕಳೆಯಬೇಕು. ನನ್ನದು 196ರಲ್ಲಿ 34 ಹೋಯಿತು, 58 ಹೋಯಿತು, ಉಳಿದದ್ದು 104. ಟ್ರೈಗ್ಲಿಸರೈಡ್ ಜಾಸ್ತಿ ಆದಷ್ಟೂ ಕಳೆಯುವ ಮೊತ್ತ ಜಾಸ್ತಿ, ಎಲ್‌ಡಿಎಲ್ ಕಡಿಮೆ ಕಾಣುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರಂತೂ ಈ ಸೂತ್ರವನ್ನು ಬಳಸಲೇಬಾರದು. ಶುಗರ್ ಇರುವವರಲ್ಲಿ ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ ಇರುವುದು ತೀರಾ ಸಾಮಾನ್ಯ. ನಾನು ಮದುವೆ ಊಟದ ಮೇಲೆ ಹಾಕಿದ ಆ ಎರಡು ನಕ್ಷತ್ರಗಳೇ ನಿಜವಾದ ಸುದ್ದಿ ಹೇಳುತ್ತಿದ್ದವು.

ಮೂರು ವರ್ಷದ ಹಿಂದೆ, ನನಗೆ 46. ಅಡಿಕೆ ಜೋರಾಗಿ ಬರುವ ಕಾಲ. ಮಂಡಿಯ ಅಟ್ಟ ಹತ್ತುವಾಗ ಏದುಸಿರು ಬಂತು. ಬೆವರು ಕಿತ್ತುಕೊಂಡು ಬಂತು, ದವಡೆ ಸೆಳೆಯಿತು. ಎದೆ ನೋವು ಮಾತ್ರ ಇಲ್ಲವೇ ಇಲ್ಲ. ಗ್ಯಾಸ್ ಅಂತ ಮಾತ್ರೆ ನುಂಗಿ ಸಂಜೆವರೆಗೆ ಲೆಕ್ಕ ಬರೆದೆ. ಮನೆಗೆ ಬಂದಾಗ ನನ್ನ ಹೆಂಡತಿ ಮುಖ ನೋಡಿ, ‘ಇದು ಗ್ಯಾಸ್ ಅಲ್ಲ, ನಡೀರಿ’ ಅಂದಳು. ಇಸಿಜಿ ಆಯಿತು, ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸುವ ಟ್ರೋಪೊನಿನ್ ರಕ್ತ ಪರೀಕ್ಷೆ ಆಯಿತು, ರಾತ್ರಿಯೇ ಸ್ಟೆಂಟ್ ಹಾಕಿದರು. ಶುಗರ್‌ನಿಂದ ನರ ಸೋತವರಿಗೆ ಎದೆ ನೋವು ಗೊತ್ತಾಗದೆಯೂ ಅಟ್ಯಾಕ್ ಆಗಬಹುದು ಅಂತ ಆಮೇಲೆ ತಿಳಿಯಿತು. ಈಗ ಹೃದಯ ರಕ್ತ ತಳ್ಳುವ ಶಕ್ತಿ (ಪಂಪಿಂಗ್) ಶೇ. 40ರಲ್ಲಿದೆ, ಕಡಿಮೆ. ಅಟ್ಟ ಹತ್ತುವುದು ನಿಂತಿದೆ.

ಮೂರನೇ ದಿನ ಹೃದಯದ ಡಾಕ್ಟರ್ ಹಳೆಯ ಫೈಲ್ ಕೇಳಿದರು. ಆ ರಿಪೋರ್ಟ್ ಮೇಲೆ ಪೆನ್ನಿನಲ್ಲಿ 196 ಬರೆದು, 34 ಕಳೆದು, 162 ಅಂತ ಬರೆದು ಸುತ್ತು ಹಾಕಿದರು. ‘ಇದು ನಾನ್-ಎಚ್‌ಡಿಎಲ್. ನಿಮಗೆ ಇದು 100ರ ಒಳಗೆ ಇರಬೇಕಿತ್ತು’ ಅಂದರು. ಅಂದರೆ ಒಳ್ಳೆಯದನ್ನು ಬಿಟ್ಟು ಉಳಿದ ಕೊಲೆಸ್ಟ್ರಾಲ್ ಎಲ್ಲಾ. ಒಂದೇ ಒಂದು ಕಳೆಯುವ ಲೆಕ್ಕ. ಖರ್ಚಿಲ್ಲ, ಹೊಸ ರಕ್ತವೂ ಬೇಡ. ಅದಕ್ಕೆ ಊಟ ಬಿಟ್ಟು ಬರುವುದೂ ಬೇಕಾಗಿಲ್ಲ. ಆ ಸುತ್ತು ಹಾಕಿದ 162 ನನ್ನ ಕಣ್ಣಿಂದ ಹೋಗುವುದಿಲ್ಲ.

ಅಪೊಬಿ ಬಗ್ಗೆ ಕೇಳಿದ್ದೀರಿ. ನಾನು ಅದನ್ನು ಅರ್ಥ ಮಾಡಿಕೊಂಡದ್ದು ನಮ್ಮ ಮಂಡಿಯ ಲೆಕ್ಕದಲ್ಲಿ. ಎಲ್‌ಡಿಎಲ್ ಸಂಖ್ಯೆ ಅಂದರೆ ಚೀಲಗಳೊಳಗಿನ ಮಾಲಿನ ತೂಕ. ಚೀಲ ಅಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಕಣ. ಅಪೊಬಿ ಅನ್ನುವ ಪ್ರೋಟೀನ್ ಅಂದರೆ ಚೀಲಗಳ ಎಣಿಕೆ, ಯಾಕೆಂದರೆ ಒಂದೊಂದು ಕಣಕ್ಕೆ ಒಂದೇ ಅಪೊಬಿ. ಶುಗರ್ ಇರುವವರಲ್ಲಿ ಕಣಗಳು ಸಣ್ಣವು, ಒಂದೊಂದರಲ್ಲಿ ಕೊಲೆಸ್ಟ್ರಾಲ್ ಕಡಿಮೆ. ಹಾಗಾಗಿ ತೂಕ ಕಡಿಮೆ ಬಂದರೂ ಚೀಲ ಜಾಸ್ತಿ ಇರುತ್ತವೆ. ರಕ್ತನಾಳದ ಗೋಡೆಯೊಳಗೆ ನುಗ್ಗಿ ಕೂರುವುದು ಚೀಲಗಳು. ನನ್ನ ಅಪೊಬಿ 118 ಬಂತು. ಟ್ರೈಗ್ಲಿಸರೈಡ್ ಜಾಸ್ತಿ ಇದ್ದರೆ ಇದನ್ನು ಮಾಡಿಸಿ, ದುಡ್ಡು ದಂಡವಲ್ಲ.

ಲೈಪೊಪ್ರೋಟೀನ್-ಎ ಕೂಡ ಮಾಡಿಸಿ, ಜೀವನದಲ್ಲಿ ಒಮ್ಮೆ ಸಾಕು. ಅದು ಎಲ್‌ಡಿಎಲ್‌ನಂಥದೇ ಇನ್ನೊಂದು ಕಣ, ಹುಟ್ಟಿನಿಂದ ಬಂದದ್ದು. ಪಥ್ಯಕ್ಕೂ ನಡಿಗೆಗೂ ಬಗ್ಗುವುದಿಲ್ಲ, ಸ್ಟ್ಯಾಟಿನ್‌ಗೂ ಇಳಿಯುವುದಿಲ್ಲ. 50 ಮಿಲಿಗ್ರಾಂ ದಾಟಿದ್ದರೆ ಉಳಿದದ್ದನ್ನೆಲ್ಲ ಇನ್ನೂ ಕೆಳಗೆ ಇಳಿಸಬೇಕು ಅಂತ ಅರ್ಥ. ನನ್ನದು 74. ನಮ್ಮ ಚಿಕ್ಕಪ್ಪ 44ಕ್ಕೆ ಗದ್ದೆಯಲ್ಲೇ ಕುಸಿದು ಹೋಗಿದ್ದರು. ಆಗ ‘ಗಾಳಿ ಸೋಕಿತು’ ಅಂದಿದ್ದರು ಊರಲ್ಲಿ.

ಹೋಮೋಸಿಸ್ಟೀನ್ (ರಕ್ತದಲ್ಲಿರುವ ಒಂದು ಅಮೈನೋ ಆಮ್ಲ) ಬಿಡಿ. ವಿಟಮಿನ್ ಕೊಟ್ಟು ಅದನ್ನು ಇಳಿಸಿದರೂ ಹಾರ್ಟ್ ಅಟ್ಯಾಕ್ ಕಡಿಮೆ ಆಗಲಿಲ್ಲ ಅಂತ 2006ರಲ್ಲೇ ದೊಡ್ಡ ಅಧ್ಯಯನಗಳು ತೋರಿಸಿವೆ. ಸಿಆರ್‌ಪಿ ತೋರಿಸುವುದು ಮೈಯೊಳಗಿನ ಉರಿಯೂತ, ಅದು ನೆಗಡಿ, ಜ್ವರ, ಹಲ್ಲಿನ ಕೀವು ಇದ್ದರೂ ಏರುತ್ತದೆ. ಅದನ್ನು ನೋಡಿ ನೀವು ಸುಮ್ನೆ ಹೆದರುತ್ತೀರಿ. ಆ ದುಡ್ಡಿನಲ್ಲಿ ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಮಾಡಿಸಿ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯಾ ಅಂತ ಅದು ತೋರಿಸುತ್ತದೆ. ರಕ್ತದ್ದಲ್ಲ ಅಂತ ಹಾರ್ಟ್ ಪ್ಯಾಕೇಜಿನ ಆಸೆಯಲ್ಲಿ ಅದನ್ನು ಬಿಟ್ಟುಬಿಡುತ್ತೇವೆ. 30 ದಾಟಿದರೆ ಕಿಡ್ನಿಗಷ್ಟೇ ಅಲ್ಲ, ಹೃದಯಕ್ಕೂ ಎಚ್ಚರಿಕೆ.

ಆದರೆ ನೇರವಾಗಿ ಹೇಳುತ್ತೇನೆ, ನಿಮ್ಮ ಪ್ರಶ್ನೆಯೇ ತಿರುಗುಮುರುಗಾಗಿದೆ. ಪರೀಕ್ಷೆ ಮಾಡಿಸಿ ಮಾತ್ರೆ ಬೇಕಾ ಬೇಡವಾ ಅಂತ ತೀರ್ಮಾನಿಸುವ ಹಂತ ನಿಮಗೆ ದಾಟಿದೆ. 40 ದಾಟಿದ, ಶುಗರ್ ಇರುವವರಿಗೆ ಸ್ಟ್ಯಾಟಿನ್ ಕೊಡಲು ಶುಗರ್ ಒಂದೇ ಸಾಕಷ್ಟು ಕಾರಣ. 2004ರಲ್ಲಿ ಬಂದ ಕಾರ್ಡ್ಸ್ ಅಧ್ಯಯನ ನೋಡಿ. ಬ್ರಿಟನ್ ಮತ್ತು ಐರ್ಲೆಂಡಿನ 2,838 ಜನ. ಎಲ್ಲರಿಗೂ ಟೈಪ್ 2 ಶುಗರ್, ಯಾರಿಗೂ ಹೃದಯದ ಕಾಯಿಲೆ ಬಂದಿರಲಿಲ್ಲ. ಬಿಪಿ, ಸಿಗರೇಟು, ಕಣ್ಣು ಅಥವಾ ಮೂತ್ರದ ತೊಂದರೆಯಲ್ಲಿ ಒಂದಾದರೂ ಇದ್ದವರು. ಅವರ ಸರಾಸರಿ ಎಲ್‌ಡಿಎಲ್ 117ರ ಆಸುಪಾಸು, ನಿಮ್ಮದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅರ್ಧ ಜನಕ್ಕೆ ನಾನು ಬಿಟ್ಟ ಅದೇ ಅಟೊರ್ವಾಸ್ಟ್ಯಾಟಿನ್ 10 ಕೊಟ್ಟರು. ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥ ದೊಡ್ಡ ಹೊಡೆತ ಶೇ. 37ರಷ್ಟು ಕಡಿಮೆಯಾಯಿತು. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ, ಅಧ್ಯಯನವನ್ನು ಸುಮಾರು ಎರಡು ವರ್ಷ ಮೊದಲೇ ನಿಲ್ಲಿಸಿದರು.

ಸ್ಟ್ಯಾಟಿನ್‌ನಿಂದ ಶುಗರ್ ಏರುತ್ತಂತೆ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಏರುತ್ತದೆ, ಅಲ್ಪ ಸ್ವಲ್ಪ. ಸಿಗುವ ರಕ್ಷಣೆಯ ಮುಂದೆ ಅದು ಲೆಕ್ಕಕ್ಕಿಲ್ಲ. ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳಿ, ಡೋಸ್ ಅಥವಾ ಮಾತ್ರೆ ಬದಲಿಸುತ್ತಾರೆ. ನಾನು ಮಾಡಿದ ಹಾಗೆ ಹೇಳದೆ ಬಿಡಬೇಡಿ.

ನನ್ನ ತಮ್ಮನಿಗೆ ಈಗ 43. ಶುಗರ್ ಇಲ್ಲ. ಬೇಡ ಅಂದರೂ ಕರೆದುಕೊಂಡು ಹೋಗಿ ಲೈಪೊಪ್ರೋಟೀನ್-ಎ ಮಾಡಿಸಿದೆ, 61 ಬಂತು. ಅವನ ಡಾಕ್ಟರ್ ಮಾತ್ರೆ ಶುರು ಮಾಡಿದ್ದಾರೆ. ನಿಮ್ಮ ಮನೆಯಲ್ಲಿ ಹಾಗೆ ಚಿಕ್ಕ ವಯಸ್ಸಿಗೆ ಹೋದವರು ಇದ್ದಾರಾ? ಪ್ರಶ್ನೆಯಲ್ಲಿ ಅದು ಇಲ್ಲ. ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್ ಎಷ್ಟು ಅಂತಲೂ ಬರೆದಿಲ್ಲ. ಈಗಲೇ ರಿಪೋರ್ಟ್ ತೆಗೆದು ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ, ಬಂದದ್ದನ್ನು ಇಲ್ಲಿ ಬರೆಯಿರಿ. ಡಾಕ್ಟರ್ ಕೊಟ್ಟ ಮಾತ್ರೆಯನ್ನು ಇವತ್ತು ರಾತ್ರಿಯಿಂದಲೇ ಶುರು ಮಾಡಿ.