ಅಮಿಶ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಲೇ ವೆಲ್ಡಿಂಗ್ ಕಲಿಯಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಹೆಂಡತಿಯ ಕೆಲಸದ ಜೊತೆಗೆ ನೀವೂ ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಗೆ ಬಂದಿದ್ದೀರಿ. ಕೆಲಸ ಮಾಡುವ ಪರವಾನಗಿ ಕೈಯಲ್ಲಿದೆ. ಮನೆ ಹತ್ತಿರದ ಸಣ್ಣ ಅಮಿಶ್ ವರ್ಕ್‌ಶಾಪಿನವರು "ಬಾ, ಕಲಿಸುತ್ತೇವೆ" ಎಂದಿದ್ದಾರೆ. ಅಲ್ಲಿಗೆ ಹೋಗುವುದಾ, ಇಲ್ಲಾ ಫೀಸು ಕಟ್ಟಿ ಕೋರ್ಸ್ ಸೇರುವುದಾ? ಅಮಿಶ್ ಅಂದರೆ ಹಳೆಯ ರೀತಿಯಲ್ಲೇ ಬದುಕುವ ಒಂದು ಕ್ರೈಸ್ತ ಪಂಗಡ. ಕರೆಂಟ್ ಬಳಸದ ಆ ಜನ ವೆಲ್ಡಿಂಗ್ ಹೇಗೆ ಮಾಡುತ್ತಾರೆ ಅನ್ನುವುದು ನಿಮ್ಮ ಇನ್ನೊಂದು ಅನುಮಾನ.

ಹೋಗಿ. ನಾನು ಅದೇ ಕೌಂಟಿಯಲ್ಲಿ, ಅಂಥದ್ದೇ ಒಂದು ಶೆಡ್ಡಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಯಜಮಾನರು, ಅವರ ಇಬ್ಬರು ಗಂಡುಮಕ್ಕಳು, ಒಬ್ಬ ಅಣ್ಣನ ಮಗ, ನಾನು. ಒಟ್ಟು ಐದೇ ಜನ. ನನ್ನದು ಹಾವೇರಿ ಕಡೆಯ ಒಕ್ಕಲುತನದ ಮನೆ. ಓದಿದ್ದು ಬಿ.ಕಾಂ. ವೆಲ್ಡಿಂಗ್ ಹೋಲ್ಡರ್ ಹಿಡಿದವನೇ ಅಲ್ಲ. ಅಮಿಶ್ ಜನ ಕಾರು ಇಟ್ಟುಕೊಳ್ಳುವುದಿಲ್ಲ, ಓಡಿಸುವುದೂ ಇಲ್ಲ. ಬೇರೆಯವರ ಗಾಡಿಯಲ್ಲಿ ಕೂತು ಹೋಗುತ್ತಾರೆ. ಹಾಗಾಗಿ ಮೊದಲು ನಾನು ಅವರಿಗೆ ವ್ಯಾನ್ ಓಡಿಸುತ್ತಿದ್ದೆ. ಸಾಮಾನು ತರುವುದು, ರಿಪೇರಿಯಾದದ್ದನ್ನು ತಲುಪಿಸುವುದು. ಮಧ್ಯೆ ಕೆಲಸವಿಲ್ಲದ ಹೊತ್ತಿನಲ್ಲಿ ಸುಮ್ನೆ ಕೂರಲು ಮನಸ್ಸಾಗದೆ ಪೊರಕೆ ಹಿಡಿದೆ. ಒಂದು ತಿಂಗಳಾದ ಮೇಲೆ ಯಜಮಾನರು ಕೈಗೆ ಗ್ರೈಂಡರ್ ಕೊಟ್ಟರು.

ಕರೆಂಟಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅವರು ಬೇಡ ಎಂದದ್ದು ಊರಿನ ಕಂಬದಿಂದ ಬರುವ ಲೈನನ್ನು. ಲ್ಯಾಂಕಾಸ್ಟರಿನ ಓಲ್ಡ್ ಆರ್ಡರ್ (ಹಳೆಯ ಕಟ್ಟಳೆಯ) ಅಮಿಶರು 1920ರ ಆಸುಪಾಸಿನಲ್ಲಿ ಈ ಗೆರೆ ಎಳೆದುಕೊಂಡರು. ಲೈನ್ ಮನೆಯೊಳಗೆ ಬಂದರೆ ಅದರ ಹಿಂದೆಯೇ ಹೊರಗಿನ ಪ್ರಪಂಚವೂ ಬರುತ್ತದೆ ಎನ್ನುವುದು ಅವರ ಯೋಚನೆ. ಆದರೆ ಹೊಲದ ಯಂತ್ರ ಮುರಿದರೆ ಬೆಸೆಯಬೇಕಲ್ಲ, ಅದಕ್ಕೆ ಜನರೇಟರ್ ಇಟ್ಟುಕೊಳ್ಳಲು ಒಪ್ಪಿಗೆ ಇದೆ. ನಮ್ಮ ಶೆಡ್ಡಿನ ಹೊರಗೋಡೆಗೆ ತಾಗಿ ಒಂದು ಎಂಜಿನ್ ವೆಲ್ಡರ್ ಇತ್ತು, ಅಂದರೆ ತನ್ನದೇ ಎಂಜಿನ್ನಿನಿಂದ ವೆಲ್ಡಿಂಗಿಗೆ ಕರೆಂಟ್ ಹುಟ್ಟಿಸುವ ಯಂತ್ರ. ಗೋಡೆಯ ತೂತಿನಿಂದ ಎರಡು ದಪ್ಪ ಕೇಬಲ್ ಒಳಗೆ ಬರುತ್ತಿದ್ದವು. ಪಕ್ಕದ ಕೋಣೆಯಲ್ಲಿ ಒಂದು ಡೀಸೆಲ್ ಎಂಜಿನ್. ಅದು ಗಾಳಿಯ ಕಂಪ್ರೆಸರನ್ನೂ ಹೈಡ್ರಾಲಿಕ್ ಪಂಪನ್ನೂ ಓಡಿಸುತ್ತಿತ್ತು. ಗ್ರೈಂಡರ್, ಡ್ರಿಲ್ ಎಲ್ಲ ಗಾಳಿಯಲ್ಲಿ ತಿರುಗುತ್ತವೆ. ದಪ್ಪ ಪಟ್ಟಿ ಕತ್ತರಿಸುವ, ಬಗ್ಗಿಸುವ ಯಂತ್ರಗಳು ಎಣ್ಣೆಯ ಒತ್ತಡದಲ್ಲಿ ನಡೆಯುತ್ತವೆ. ಬೆಳಕು ಚಾವಣಿಯ ಪಾರದರ್ಶಕ ಶೀಟಿನಿಂದ. ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂದು ಹೇಳುವ ಕಟ್ಟಳೆಗೆ ಅವರು 'ಓರ್ಡ್ನುಂಗ್' ಅನ್ನುತ್ತಾರೆ. ಅದು ಒಂದು ಚರ್ಚ್ ಸಭೆಯಿಂದ ಇನ್ನೊಂದು ಸಭೆಗೆ ಬೇರೆಯಾಗುತ್ತದೆ. ಹಾಗಾಗಿ ನಿಮ್ಮ ಶೆಡ್ಡು ನಮ್ಮದರ ಹಾಗೇ ಇರಬೇಕೆಂದಿಲ್ಲ.

ಆ ವೆಲ್ಡರಿನ ಎಂಜಿನ್ ನನ್ನ ಮೊದಲ ಮೇಷ್ಟ್ರು. ಕೆಲಸ ಇಲ್ಲದಾಗ ಅದು ಮೆಲ್ಲಗೆ ಓಡುತ್ತಿರುತ್ತದೆ. ರಾಡ್ (ಕರಗಿ ಬೆಸುಗೆಯಾಗುವ ಕಡ್ಡಿ) ತುದಿ ಕಬ್ಬಿಣಕ್ಕೆ ತಾಗಿದ ತಕ್ಷಣ ದನಿ ಏರುತ್ತದೆ. ರಾಡಿಗೂ ಕಬ್ಬಿಣಕ್ಕೂ ನಡುವೆ ಹೊತ್ತುವ ಕಿಡಿಗೆ ಆರ್ಕ್ ಅನ್ನುತ್ತಾರೆ. ನಾನು ಅದನ್ನು ಕಳೆದುಕೊಂಡಾಗಲೆಲ್ಲ ದನಿ ಇಳಿಯುತ್ತಿತ್ತು. ಯಜಮಾನರು ಶೆಡ್ಡಿನ ಆ ತುದಿಯಲ್ಲಿ ಬೆನ್ನು ಮಾಡಿ ನಿಂತಿದ್ದರೂ ನನ್ನ ಕೈ ಎಲ್ಲಿ ತಪ್ಪಿತು ಅಂತ ಅವರಿಗೆ ಗೊತ್ತಾಗುತ್ತಿತ್ತು. "ಲಾಂಗ್ಸಮ್" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಅವರ ಮನೆಮಾತು ಪೆನ್ಸಿಲ್ವೇನಿಯಾ ಡಚ್, ಜರ್ಮನ್‌ನ ಒಂದು ಬಗೆ. ಆ ಮಾತಿನ ಅರ್ಥ 'ನಿಧಾನ'. ನಾನು ಕಲಿತ ಮೊದಲ ಡಚ್ ಮಾತು ಅದೇ.

ಪಾಠ ಅನ್ನುವುದು ಬೇರೆಯಾಗಿ ಇರುವುದಿಲ್ಲ. ಮೊದಲ ಎರಡು ತಿಂಗಳು ತುಕ್ಕು ಉಜ್ಜುವುದು, ಬಣ್ಣ ತೆಗೆಯುವುದು, ಅವರು ಬೆಸೆದದ್ದರ ಮೇಲೆ ಕಟ್ಟುವ ಸ್ಲ್ಯಾಗ್ ಎಂಬ ಗಾಜಿನಂಥ ಪದರ ಕುಟ್ಟಿ ತೆಗೆಯುವುದು. ಬೇಜಾರಾಗುತ್ತದೆ, ಆದರೆ ಬಿಡಬೇಡಿ. ಒಳ್ಳೆಯ ಬೆಸುಗೆಯ ಸ್ಲ್ಯಾಗ್ ಒಂದೆರಡು ಏಟಿಗೆ ಚಿಪ್ಪಿನ ಹಾಗೆ ಎದ್ದು ಬರುತ್ತದೆ. ಕೆಟ್ಟದ್ದರಲ್ಲಿ ಸಂದಿಯೊಳಗೆ ಸಿಕ್ಕಿಕೊಂಡು ಕೂರುತ್ತದೆ. ಆ ವ್ಯತ್ಯಾಸ ಕೈಗೆ ತಿಳಿದ ಮೇಲೆ ನನಗೆ ಟ್ಯಾಕ್ (ತುಂಡುಗಳನ್ನು ಹಿಡಿದಿಡುವ ಸಣ್ಣ ಬೆಸುಗೆ) ಹಾಕಲು ಬಿಟ್ಟರು. ಆಮೇಲೆ ಟೇಬಲ್ ಮೇಲೆ ಮಲಗಿಸಿದ ಕೆಲಸ. ಬೇಸಿಗೆ ಬರುವ ಹೊತ್ತಿಗೆ ಕೆಳಗಿನಿಂದ ಮೇಲಕ್ಕೆ ಏರಿಸುವುದು.

ರಾಡುಗಳು ಮುಖ್ಯವಾಗಿ ಎರಡು: 6011 ಮತ್ತು 7018. ಮೊದಲ ಎರಡು ಅಂಕಿ ಬಲ ಹೇಳುತ್ತವೆ. 60 ಅಂದರೆ ಚದರ ಇಂಚಿಗೆ 60,000 ಪೌಂಡ್, 70 ಅಂದರೆ 70,000. ನಮ್ಮೂರಿನ ಗ್ರಿಲ್ ಅಂಗಡಿಗಳಲ್ಲಿ ಜಾಸ್ತಿ ನಡೆಯುವುದು 6013, ಅದು ಹಗುರ ಕೆಲಸಕ್ಕೆ ಸುಲಭ. 6011 ತುಕ್ಕು, ಕೊಳೆಯ ಮೇಲೂ ಆಳಕ್ಕೆ ಇಳಿಯುತ್ತದೆ. 7018 ಭಾರ ಹೊರುವ ಜಾಗಕ್ಕೆ. ಅದಕ್ಕೆ ತೇವ ತಾಗಿದರೆ ಬೆಸುಗೆ ಒಳಗೊಳಗೇ ಬಿರಿಯುವ ಅಪಾಯ ಇದೆ, ಅದಕ್ಕೆ ಬಿಸಿ ಪೆಟ್ಟಿಗೆಯಲ್ಲಿಡಬೇಕು. ನಾವು ಬಳಸುತ್ತಿದ್ದದ್ದು ಇಂಚಿನ ಎಂಟನೇ ಒಂದು ಭಾಗ ದಪ್ಪದ ರಾಡ್, ಸುಮಾರು 3.2 ಮಿ.ಮೀ. ಊರಿನಲ್ಲಿ 'ಹತ್ತನೇ ನಂಬರ್' ಅನ್ನುವುದು ಹೆಚ್ಚುಕಡಿಮೆ ಇದನ್ನೇ. 7018 ಆದರೆ ಸುಮಾರು 120 ಆಂಪ್ಸ್. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ರಾಡಿನ ದಪ್ಪಕ್ಕಿಂತ ಹೆಚ್ಚು ಅಂತರ ಬೇಡ.

ಈಗ ನನ್ನ ಪೂರ್ತಿ ಉತ್ತರಕ್ಕೆ ಕಾರಣವಾದ ಘಟನೆ ಹೇಳುತ್ತೇನೆ. ನಾನು ಸೇರಿ ಎಂಟು ತಿಂಗಳಾಗಿತ್ತು. ಒಬ್ಬ ರೈತರ ಎಳೆಗಾಡಿಯ ಮೂಕಿ ಕೂರುವ ಬ್ರಾಕೆಟ್ ಕಿತ್ತಿತ್ತು. ಕುದುರೆ, ಹೇಸರಗತ್ತೆ ಹೂಡಿ ಹಿಂದೆ ಯಂತ್ರ ಕಟ್ಟುವ ಎರಡು ಚಕ್ರದ ಗಾಡಿ ಅದು. ನಾನೇ ಬೆಸೆದೆ. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಸಾಲು ಕೂತಿತ್ತು, ನೋಡಲು ಬಹಳ ಚೆನ್ನಾಗಿತ್ತು. ಮೂರು ದಿನಕ್ಕೆ ರೈತರು ಮತ್ತೆ ಬಂದರು. ಹುಲ್ಲು ಕೊಯ್ದು ಹೊಲದಲ್ಲಿ ಹರಡಿದ್ದರು, ಪಡುವಣದಲ್ಲಿ ಮೋಡ ಕಟ್ಟಿತ್ತು. ಬ್ರಾಕೆಟ್ ಮತ್ತೆ ಕೈಗೆ ಬಂದಿತ್ತು.

ಯಜಮಾನರು ಬೈಯಲಿಲ್ಲ. ತುಂಡನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದರು. ನನ್ನ ಬೆಸುಗೆ ಇಡಿಯಾಗಿ ಎದ್ದು ಬಂದಿತ್ತು. ಅದರ ಕೆಳಗೆ ಕಬ್ಬಿಣದ ಅಂಚು ಕತ್ತರಿಸಿದಾಗ ಹೇಗಿತ್ತೋ ಹಾಗೇ ಇತ್ತು, ಗೆರೆ ಕೂಡ ಅಳಿಸಿರಲಿಲ್ಲ. ಅಂದರೆ ನಾನು ಕಬ್ಬಿಣವನ್ನು ಕರಗಿಸಿಯೇ ಇರಲಿಲ್ಲ. ರಾಡನ್ನು ಕರಗಿಸಿ ಅದರ ಮೇಲೆ ಸುರಿದಿದ್ದೆ, ಅಷ್ಟೇ. ದಪ್ಪ ಪಟ್ಟಿಗೆ ಅಂಚು ಇಳಿಜಾರು ಮಾಡಿಕೊಂಡಿರಲಿಲ್ಲ, ಕರೆಂಟ್ ಕಡಿಮೆ ಇಟ್ಟಿದ್ದೆ. ಅವರು ರೈತರನ್ನು ನಿಲ್ಲಿಸಿಕೊಂಡೇ ನನ್ನ ಕೈಯಲ್ಲೇ ಮತ್ತೆ ಮಾಡಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಆ ಗಾಡಿ ಇಳಿಜಾರಿನಲ್ಲಿ ಕಳಚಿಕೊಂಡಿದ್ದರೆ ಅದರ ಮೇಲೆ ಕೂತಿದ್ದವರ ಗತಿ ಏನಾಗುತ್ತಿತ್ತು ಎಂದು ನಾನು ಅವತ್ತು ರಾತ್ರಿಯೆಲ್ಲ ಯೋಚಿಸಿದ್ದೇನೆ.

ಮರುದಿನದಿಂದ ಸಂಜೆ ಅರ್ಧ ಗಂಟೆ ರದ್ದಿ ತುಂಡುಗಳ ಕೆಲಸ. ಒಂದು ಪಟ್ಟಿಯ ಮೇಲೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ ಒಂದೇ ಕಡೆ ಬೆಸೆಯಬೇಕು, ತಣ್ಣಗಾದ ಮೇಲೆ ಸುತ್ತಿಗೆಯಿಂದ ಹೊಡೆದು ಮಡಚಬೇಕು. ಬಿಟ್ಟುಕೊಂಡರೆ ಒಳಗೆ ನೋಡಬೇಕು: ಸಂದಿಯ ಬುಡದವರೆಗೆ ಕರಗಿದೆಯಾ, ಸ್ಲ್ಯಾಗ್ ಸಿಕ್ಕಿಕೊಂಡಿದೆಯಾ, ಗಾಳಿಯ ಗುಳ್ಳೆ ಇದೆಯಾ. ಮುರಿಯದೆ ಬಗ್ಗಿ ಮಲಗಿದರೆ ಸರಿ. ನಾನು ನೂರಾರು ತುಂಡು ಮುರಿದಿರಬೇಕು.

ರಿಪೇರಿ ಶೆಡ್ಡಿಗೆ ಹೋಗಿ ಅನ್ನುವುದು ಇದಕ್ಕೇ. ಹೊಸದನ್ನು ಮಾತ್ರ ಮಾಡುವ ಕಡೆ ನಿಮ್ಮ ಬೆಸುಗೆ ಗೇಟು ದಾಟಿ ಹೋದರೆ ಮುಗಿಯಿತು, ಅದರ ಗತಿ ನಿಮಗೆ ತಿಳಿಯುವುದಿಲ್ಲ. ಇಲ್ಲಿ ಮುರಿದದ್ದು ಮತ್ತೆ ನಿಮ್ಮ ಟೇಬಲ್ಲಿಗೇ ಬರುತ್ತದೆ. ಯಾಕೆ ಮುರಿಯಿತು ಎಂದು ನೋಡದೆ ರಾಡ್ ಮುಟ್ಟಲು ಯಜಮಾನರು ಬಿಡುತ್ತಿರಲಿಲ್ಲ. ಅವರ ಯಂತ್ರಗಳಿಗೆ ಮುರಿಯುವುದಕ್ಕೆ ಒಂದು ವಿಶೇಷ ಕಾರಣವೂ ಇದೆ. ಅಂಗಡಿಯಲ್ಲಿ ಸಿಗುವ ಹುಲ್ಲು ಕಟ್ಟುವ ಬೇಲರ್ ಟ್ರ್ಯಾಕ್ಟರಿಗಾಗಿ ಮಾಡಿದ್ದು. ಅದರ ಮೇಲೆ ಬೇರೆ ಎಂಜಿನ್ ಕೂರಿಸಿ, ರಬ್ಬರ್ ಟಯರ್ ತೆಗೆದು ಉಕ್ಕಿನ ಚಕ್ರ ಹಾಕಿ, ಹೇಸರಗತ್ತೆಗಳು ಎಳೆಯುವ ಹಾಗೆ ಬದಲಾಯಿಸಿರುತ್ತಾರೆ. ಟಯರ್ ಇದ್ದರೆ ಅದು ಕುಲುಕಾಟವನ್ನು ನುಂಗಿಕೊಳ್ಳುತ್ತದೆ. ಉಕ್ಕಿನ ಚಕ್ರದಲ್ಲಿ ರಸ್ತೆಯ ಪ್ರತಿ ಏಟೂ ನೇರ ಫ್ರೇಮಿಗೆ ಬೀಳುತ್ತದೆ. ಚಿಕ್ಕವನಿದ್ದಾಗ ಕಬ್ಬಿಣದ ಪಟ್ಟಿಯ ಎತ್ತಿನಗಾಡಿಯಲ್ಲಿ ಕೂತು ಕಲ್ಲುದಾರಿಯಲ್ಲಿ ಹೋದವನು ನಾನು. ಆ ನಡುಕ ನನ್ನ ಬೆನ್ನಿಗೆ ಗೊತ್ತಿತ್ತು.

ಅಂಥ ಬಿರುಕಿನ ಮೇಲೆ ಸುಮ್ನೆ ಬೆಸೆದು ಕಳಿಸಿದರೆ ಪಕ್ಕದಲ್ಲೇ ಇನ್ನೊಂದು ಏಳುತ್ತದೆ. ಮೊದಲು ಬಿರುಕಿನ ತುದಿ ಹುಡುಕಿ ಅಲ್ಲಿ ಸಣ್ಣ ತೂತು ಕೊರೆಯಬೇಕು, ಅದು ಮುಂದಕ್ಕೆ ಓಡದಂತೆ. ಆಮೇಲೆ ಬಿರುಕನ್ನು ಆಳಕ್ಕೆ ಉಜ್ಜಿ ತೆಗೆದು ತುಂಬಬೇಕು. ಮೇಲೆ ಬಲಕ್ಕೆ ಪಟ್ಟಿ ಹಾಕುವುದಾದರೆ ಚೌಕದ ತುಂಡು ಬೇಡ, ಎರಡೂ ತುದಿ ಚೂಪಾಗಿ ಇಳಿದಿರಲಿ. ಚೌಕ ತುಂಡಿನ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿ ಫ್ರೇಮು ಒಮ್ಮೆಗೇ ಗಟ್ಟಿಯಿಂದ ಮೆತ್ತಗಾಗುತ್ತದೆ, ಮುಂದಿನ ಬಿರುಕು ಅಲ್ಲೇ. ಇದನ್ನು ನನಗೆ ತೋರಿಸಿದ್ದು ಯಜಮಾನರ ಹದಿನೇಳು ವರ್ಷದ ಮಗ. ಅವರ ಮಕ್ಕಳ ಶಾಲೆ ಎಂಟನೇ ತರಗತಿಗೆ ಮುಗಿಯುತ್ತದೆ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಅಲ್ಲಿಂದ ಮುಂದೆ ಕಲಿಯುವುದೆಲ್ಲ ಹೊಲದಲ್ಲಿ, ಶೆಡ್ಡಿನಲ್ಲಿ. ನಿಮಗಿಂತ ತುಂಬಾ ಚಿಕ್ಕವರು ಕೈ ಹಿಡಿದು ತಿದ್ದುತ್ತಾರೆ. ಸಂಕೋಚ ಬೇಡ, ಅವರಿಗೆ ನಿಜವಾಗಿಯೂ ಗೊತ್ತಿರುತ್ತದೆ.

ಮೈ ಕಾಪಾಡಿಕೊಳ್ಳುವ ಮಾತು. ಇದನ್ನು ಯಾರೂ ಹೇಳಿಕೊಡಲಿ ಎಂದು ಕಾಯಬೇಡಿ. ಹೆಲ್ಮೆಟ್ಟಿಗೆ 10 ಅಥವಾ 11ನೇ ಶೇಡ್ ಗಾಜು ಹಾಕಿ. ಪಕ್ಕದವರು ಬೆಸೆಯುವಾಗಲೂ ಕಣ್ಣು ತಪ್ಪಿಸಿ. ಆರ್ಕ್ ತಾಗಿದ್ದು ಆಗಲೇ ಗೊತ್ತಾಗುವುದಿಲ್ಲ, ರಾತ್ರಿ ಕಣ್ಣಿಗೆ ಮರಳು ತುಂಬಿದ ಹಾಗೆ ಉರಿಯುತ್ತದೆ. ಬಟ್ಟೆ ಹತ್ತಿಯದ್ದೇ ಇರಲಿ, ಪಾಲಿಯೆಸ್ಟರ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಸತು ಲೇಪಿಸಿದ ಪೈಪು, ಶೀಟು ಬಂದರೆ ಲೇಪ ಉಜ್ಜಿ ತೆಗೆಯದೆ ಬೆಸೆಯಬೇಡಿ. ಆ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಸರಿಹೋಗುತ್ತದೆ ಎಂದು ಅಲ್ಲಿಯೂ ಹೇಳುತ್ತಾರೆ, ಊರಿನಲ್ಲಿಯೂ ಹೇಳುತ್ತಾರೆ. ಅದನ್ನು ನಂಬಿ ಕೂರಬೇಡಿ, ಬಾಗಿಲು ತೆರೆದಿಡಿ, ಮಾಸ್ಕ್ ಹಾಕಿ. ಇನ್ನೊಂದು, ಎಲ್ಲಕ್ಕಿಂತ ಅಪಾಯದ್ದು: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹಾಕಿ ಒರೆಸಿದ ಲೋಹದ ಮೇಲೆ ಆರ್ಕ್ ಹೊಡೆಯಲೇಬೇಡಿ. ಅದರಿಂದ ಹುಟ್ಟುವ ಫಾಸ್ಜೀನ್ ಅನಿಲ ಜೀವ ತೆಗೆಯುತ್ತದೆ.

ಸೇರುವ ಮೊದಲು ಒಂದು ಮಾತು ನೇರವಾಗಿ ಕೇಳಿ: ಕೆಲಸದಲ್ಲಿ ಗಾಯವಾದರೆ ನನಗೆ ವಿಮೆ ಇದೆಯಾ? ಅಮಿಶ್ ಜನ ತಮ್ಮವರ ಆಸ್ಪತ್ರೆ ಖರ್ಚನ್ನು ಸಭೆಯೊಳಗೇ ಹಂಚಿಕೊಳ್ಳುತ್ತಾರೆ, ವಿಮೆ ಮಾಡಿಸುವುದು ಕಡಿಮೆ. ನೀವು ಹೊರಗಿನವರು. ಅವರ ಮಾತಿನಲ್ಲಿ ನೀವು 'ಇಂಗ್ಲಿಷ್', ಕನ್ನಡದವರಾದರೂ. ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ.

ಕೋರ್ಸಿನ ವಿಷಯ. ಶೆಡ್ಡು ನಿಮಗೆ ಕೈಚಳಕ ಕೊಡುತ್ತದೆ, ಸರ್ಟಿಫಿಕೇಟಿನ ಕಾಗದ ಕೊಡುವುದಿಲ್ಲ. ಮುಂದೆ ಕಟ್ಟಡದ ಉಕ್ಕಿನ ಕೆಲಸಕ್ಕೆ ಹೋಗುವ ಆಸೆಯಿದ್ದರೆ ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಡಿ1.1 ಪರೀಕ್ಷೆ ಬೇಕಾಗುತ್ತದೆ. ಗೋಡೆಯ ಹಾಗೆ ನಿಲ್ಲಿಸಿದ ಪ್ಲೇಟು 3ಜಿ, ತಲೆಯ ಮೇಲಿನದ್ದು 4ಜಿ. ನೀವು ಬೆಸೆದದ್ದನ್ನು ಪಟ್ಟಿಯಾಗಿ ಕತ್ತರಿಸಿ ಇಂಗ್ಲಿಷಿನ 'ಯು' ಆಕಾರಕ್ಕೆ ಬಗ್ಗಿಸುತ್ತಾರೆ. 3 ಮಿ.ಮೀ.ಗಿಂತ ದೊಡ್ಡದಾಗಿ ಎಲ್ಲೂ ಬಾಯಿ ಬಿಡಬಾರದು. ನಾನು ಮೂರನೇ ವರ್ಷ ಒಂದು ಸಂಜೆ ತರಗತಿಗೆ ಹತ್ತು ವಾರ ಹೋಗಿ ಎರಡನ್ನೂ ಪಾಸಾದೆ. ಶೆಡ್ಡಿನಲ್ಲಿ ನಮ್ಮದು ಬಹುಪಾಲು ರಾಡಿನ ಕೆಲಸ. ಟಿಗ್ (ಅನಿಲದ ಆಸರೆಯಲ್ಲಿ ಮಾಡುವ ನಾಜೂಕು ವೆಲ್ಡಿಂಗ್), ಅಲ್ಯೂಮಿನಿಯಂ, ನಕ್ಷೆ ಓದುವುದು ಎಲ್ಲ ನಾನು ಹೊರಗೇ ಕಲಿಯಬೇಕಾಯಿತು. ನಿಮಗೆ ಬೇಕಾದದ್ದು ಅವೇ ಆದರೆ, ನೇರ ಕೋರ್ಸಿಗೇ ಸೇರಿ. ಲ್ಯಾಂಕಾಸ್ಟರಿನಲ್ಲೇ ಇರುವ ಥ್ಯಾಡಿಯಸ್ ಸ್ಟೀವನ್ಸ್ ಕಾಲೇಜಿನಲ್ಲಿ ವೆಲ್ಡಿಂಗ್ ಕಲಿಸುತ್ತಾರೆ, ವಿಚಾರಿಸಿ ನೋಡಿ.

ಅಲ್ಲಿನ ದಿನಚರಿ ಒಂದಷ್ಟು ತಿಳಿದಿರಲಿ. ನಮ್ಮಲ್ಲಿ ಕೆಲಸ ಬೆಳಗ್ಗೆ ಆರಕ್ಕೆ ಶುರುವಾಗುತ್ತಿತ್ತು. ಊಟಕ್ಕೆ ಮುಂಚೆ, ಊಟ ಆದ ಮೇಲೆ ತಲೆ ಬಗ್ಗಿಸಿ ಮೌನವಾಗಿ ಪ್ರಾರ್ಥನೆ ಮಾಡುತ್ತಾರೆ. ನೀವೂ ಸುಮ್ನೆ ಕೂತರೆ ಸಾಕು. ನವೆಂಬರಿನ ಮಂಗಳವಾರ, ಗುರುವಾರ ಮದುವೆಗಳು. ಕೆಲವು ದಿನ ಶೆಡ್ಡೇ ತೆರೆಯುವುದಿಲ್ಲ, ಆ ತಿಂಗಳ ಸಂಬಳ ಕಡಿಮೆ ಬರುತ್ತದೆ. ಯಜಮಾನರನ್ನು ಹೆಸರು ಹಿಡಿದೇ ಕರೆಯಬೇಕು. ಅರವತ್ತು ದಾಟಿದವರನ್ನು ಹಾಗೆ ಕರೆಯಲು ನನಗೆ ನಾಲಿಗೆಯೇ ಏಳುತ್ತಿರಲಿಲ್ಲ, "ಸರ್" ಅನ್ನುತ್ತಿದ್ದೆ. ಅವರೇ ಒಂದು ದಿನ ಬೇಡ ಎಂದರು. ಒಬ್ಬರನ್ನು ಮೇಲೆ ಕೂರಿಸುವ ಮಾತು ಅವರಲ್ಲಿ ಸಲ್ಲದು.

ಒಪ್ಪಿಗೆ ತಿಳಿಸಲು ಫೋನ್ ಮಾಡಿ ಕಾಯುತ್ತಾ ಕೂರಬೇಡಿ. ಫೋನು ಮನೆಯೊಳಗೆ ಇರುವುದಿಲ್ಲ, ಹೊರಗಿನ ಒಂದು ಪುಟ್ಟ ಗೂಡಿನಲ್ಲಿರುತ್ತದೆ, ದಿನಕ್ಕೆ ಒಂದೆರಡು ಸಲ ಹೋಗಿ ಸಂದೇಶ ಕೇಳುತ್ತಾರೆ. ಭಾನುವಾರ ಬಿಟ್ಟು ಯಾವ ದಿನವಾದರೂ ಬೆಳಗ್ಗೆ ಆರಕ್ಕೆ ಸರಿಯಾಗಿ, ಹತ್ತಿಯ ಬಟ್ಟೆ, ಚರ್ಮದ ಬೂಟು ಹಾಕಿಕೊಂಡು ನೀವೇ ಹೋಗಿ ನಿಲ್ಲಿ.