ಕೃಷ್ಣನ ಕೈ ಮುರಿದದ್ದು ಎಲ್ಲಿ?

ಪ್ರಶ್ನೆ: ನಮ್ಮತ್ತೆಯ ಕಾಲದ ಮಣ್ಣಿನ ದಸರಾ ಗೊಂಬೆಗಳನ್ನು ಪುಣೆಯಲ್ಲಿರುವ ಮಗಳಿಗೆ ಕಳಿಸಬೇಕು. ಹೋದ ವರ್ಷ ಕೃಷ್ಣನಿಗೆ ಬಬಲ್ ರ್ಯಾಪ್ ಬಿಗಿಯಾಗಿ ಸುತ್ತಿ, ಡಬ್ಬದ ಮೇಲೆ ‘ಒಡೆಯುವ ವಸ್ತು’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಆದರೂ ಕೈ ಮುರಿದಿತ್ತು. ಈ ಸಲ ದಶಾವತಾರದ ಸೆಟ್ಟೇ ಹೋಗಬೇಕು. ಏನು ಮಾಡಲಿ?
– ಓದುಗರು, ಸಾಗರ

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ ಅಮ್ಮಾ, ಆ ಕೈ ನೀವು ಸುತ್ತುವಾಗಲೇ ಅರ್ಧ ಮುರಿದಿರಬೇಕು. ಮೈಸೂರಿನ ಗೊಂಬೆ ಅಂಗಡಿಯೊಂದರಲ್ಲಿ 22 ವರ್ಷ ಪ್ಯಾಕಿಂಗ್ ಮಾಡಿದ ನಾನೂ ಮೊದಲ ವರ್ಷ ರಾಮನ ಬಿಲ್ಲನ್ನು ಹಾಗೇ ಮುರಿದವಳು. ಚಾಚಿದ ಕೈಗೂ ಮೈಗೂ ನಡುವೆ ಸಂದು ಇರುತ್ತದಲ್ಲ, ಹೊರಗಿನಿಂದ ಬಿಗಿದರೆ ಭಾರವೆಲ್ಲ ಆ ಕೈ ಮೇಲೇ. ಮೊದಲು ಸಂದಿಗೆ ಹತ್ತಿ ಇಡಿ, ತುರುಕಬೇಡಿ. ಕತ್ತಿನ ಸುತ್ತ, ಸೊಂಟದ ಬಳಿಯೂ ತುಂಬಿ. ಗೊಂಬೆ ಕೈಕಾಲಿಲ್ಲದ ದಿಂಬಿನ ಹಾಗೆ ಕಾಣಬೇಕು. ಆಮೇಲೆ ಹಳೇ ಪಂಚೆಯ ತುಂಡು, ಅದರ ಮೇಲೆ ಬಬಲ್ ರ್ಯಾಪ್. ಪ್ಲಾಸ್ಟಿಕ್ ನೇರ ಬಣ್ಣಕ್ಕೆ ತಗುಲಿದರೆ ಸೆಕೆಗೆ ಅಂಟಿ ಗುಳ್ಳೆಗುಳ್ಳೆಯಾಗಿ ಅಚ್ಚು ಬೀಳುತ್ತದೆ. ನ್ಯೂಸ್‌ಪೇಪರ್ ಆದರೆ ಮುಖಕ್ಕೆಲ್ಲ ಶಾಯಿ.

ಒಂದೊಂದು ಗೊಂಬೆಗೂ ಒಂದೊಂದು ಸಣ್ಣ ಡಬ್ಬ, ಎಲ್ಲ ಸೇರಿ ಐದು ಪದರದ ದೊಡ್ಡ ರಟ್ಟಿನ ಪೆಟ್ಟಿಗೆಗೆ. ತಳ, ಮೇಲೆ, ನಾಲ್ಕೂ ಕಡೆ ಎರಡಿಂಚು ಜಾಗ ಬಿಟ್ಟು ಒಣಗಿದ ಭತ್ತದ ಹುಲ್ಲೋ ಉಂಡೆ ಮಾಡಿದ ಕಾಗದವೋ ತುಂಬಿ. ಮಂಡಕ್ಕಿ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಾವೊಮ್ಮೆ ಹಾಕಿದ್ದೆವು, ಇರುವೆ ಸಮೇತ ತಲುಪಿತು. ಪಟ್ಟದ ಗೊಂಬೆ ಮರದ್ದಾದರೆ ಅದಕ್ಕೆ ಬೇರೆ ಪೆಟ್ಟಿಗೆಯೇ ಆಗಬೇಕು. ಮರಕ್ಕೂ ಮಣ್ಣಿಗೂ ತಾಗಿದರೆ ಒಡೆಯುವುದು ಮಣ್ಣೇ.

ಮುಚ್ಚಿದ ಮೇಲೆ ಪೆಟ್ಟಿಗೆ ಅಲ್ಲಾಡಿಸಿ. ಒಳಗೆ ‘ಕಟಕ್’ ಅಂದರೆ ಮತ್ತೆ ಬಿಚ್ಚಿ ತುಂಬಬೇಕು. ‘ಒಡೆಯುವ ವಸ್ತು’ ಅಂತ ಬರೆದರೆ ತಪ್ಪೇನಿಲ್ಲ, ಆದರೆ ರಾತ್ರಿ ಲಾರಿ ಖಾಲಿ ಮಾಡುವ ಹುಡುಗ ಅದನ್ನು ಓದುತ್ತಾ ಕೂರುವುದಿಲ್ಲ. ಪೆಟ್ಟಿಗೆ ಸೊಂಟದೆತ್ತರದಿಂದ ಒಮ್ಮೆ ಬೀಳುತ್ತದೆ ಅಂದುಕೊಂಡೇ ಕಟ್ಟಿ.

ಖರ್ಚಿನದೂ ಹೇಳಿಬಿಡುತ್ತೇನೆ. ಕೊರಿಯರ್‌ನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಅದು ನಿಜವಾದ ತೂಕಕ್ಕಿಂತ ಜಾಸ್ತಿಯಾದರೆ ಅದಕ್ಕೇ ದುಡ್ಡು. ಮೂರೂ ಕಡೆ 40 ಸೆಂ.ಮೀ. ಇರುವ ಪೆಟ್ಟಿಗೆಯೊಳಗೆ ನಾಲ್ಕೇ ಕಿಲೋ ಇದ್ದರೂ ಲೆಕ್ಕ 12.8 ಕಿಲೋ. ಇದಕ್ಕೆ ಹೆದರಿ ಚಿಕ್ಕ ಪೆಟ್ಟಿಗೆಗೆ ಒತ್ತಿ ತುಂಬುವವರೇ ಜಾಸ್ತಿ. ಬೇಡ, ಎರಡು ಕಂತಿನಲ್ಲಿ ಕಳಿಸಿ.

ಕೊಳಲು, ಬಿಲ್ಲು, ಪರಶುರಾಮನ ಕೊಡಲಿ ಬಿಡಿಸಿ ತೆಗೆಯುವಂತಿದ್ದರೆ ಬೆಂಕಿಪೊಟ್ಟಣದೊಳಗಿಟ್ಟು ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಟೇಪ್ ಹಾಕಿ ಅಂಟಿಸಿ. ಬಿಚ್ಚುವ ಮೊದಲೇ ಮಗಳಿಗೆ ಫೋನ್ ಮಾಡಿ ಹೇಳಿ. ಕೊಳಲೇ ಬಂದಿಲ್ಲ ಅಂತ ನಮ್ಮ ಅಂಗಡಿಗೆ ಎರಡು ಸಲ ಜಗಳಕ್ಕೆ ಫೋನ್ ಬಂದಿತ್ತು. ಎರಡು ಸಲವೂ ಕೊಳಲು ಅವರ ಮನೆಯ ಕಸದ ಬುಟ್ಟಿಯಲ್ಲೇ, ಕಾಗದದುಂಡೆಯ ಜೊತೆ ಸಿಕ್ಕಿತು.