ಎಲ್ಲರೊಡನೆ ಬೆರೆಯುವವರನ್ನು ‘ಮಾತು ಕೇಳಿಸಿಕೊಳ್ಳುವುದಿಲ್ಲ’ ಎನ್ನುವುದೇಕೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಔಷಧ ಕಂಪನಿಯೊಂದರ ರೆಪ್ ಆಗಿದ್ದೆ. ಯಾರ ಜೊತೆಗಾದರೂ ಐದು ನಿಮಿಷದಲ್ಲಿ ಸಲುಗೆ ಬೆಳೆಯುತ್ತದೆ, ಟಾರ್ಗೆಟ್ ತಪ್ಪಿದ್ದು ಕಡಿಮೆ. ಈಗ ಏರಿಯಾ ಮ್ಯಾನೇಜರ್ ಆಗಿದ್ದೇನೆ. ಕೈಕೆಳಗಿನ ಆರು ಹುಡುಗರು ‘ಸರ್ ನಮ್ಮ ಮಾತು ಕೇಳುವುದೇ ಇಲ್ಲ’ ಎಂದು ಮೇಲಿನವರಿಗೆ ದೂರಿದ್ದಾರೆ. ಅವರು ಹೇಳಿದ್ದೆಲ್ಲ ನನಗೆ ನೆನಪಿರುತ್ತದೆ. ಮತ್ತೆ ಯಾಕೆ ಹೀಗೆ?

ಉತ್ತರ: ನೀವು ಕೇಳಿಸಿಕೊಳ್ಳುತ್ತಿರಬಹುದು. ಆದರೆ ಎದುರಿಗಿರುವವರಿಗೆ ಹಾಗೆ ಅನ್ನಿಸುತ್ತಿಲ್ಲ. ಬಹಿರ್ಮುಖಿಗಳಿಗೆ, ಅಂದರೆ ಎಲ್ಲರೊಡನೆ ಬೇಗ ಬೆರೆಯುವವರಿಗೆ, ಈ ತೊಂದರೆ ಹೊಸದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಫ್ಲಿನ್ ಮತ್ತು ಸಹೋದ್ಯೋಗಿಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಬಹಿರ್ಮುಖಿಯಾದವರನ್ನು ಜನ ‘ಸರಿಯಾಗಿ ಕೇಳಿಸಿಕೊಳ್ಳದವರು’ ಎಂದೇ ಅಂದಾಜು ಮಾಡುತ್ತಾರೆಂದು ಕಂಡುಬಂದಿತ್ತು. ಇವರು ಸಂದರ್ಭಕ್ಕೆ ತಕ್ಕಂತೆ ಮುಖಭಾವ ತಂದುಕೊಳ್ಳುತ್ತಾರೆ, ನಟಿಸುತ್ತಾರೆ ಎಂಬ ಗುಮಾನಿಯೇ ಅದಕ್ಕೆ ಕಾರಣ.

ಬಹಿರ್ಮುಖತೆ ಒಂದೇ ಗುಣದ ಹೆಸರಲ್ಲ. ಮನೋವಿಜ್ಞಾನಿಗಳಾದ ಕಾಸ್ಟಾ ಮತ್ತು ಮೆಕ್ರೇ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ವ್ಯಕ್ತಿತ್ವದ ಅಳತೆಯಲ್ಲಿ ಅದಕ್ಕೆ ಆರು ಮುಖಗಳಿವೆ: ಆತ್ಮೀಯತೆ, ಗುಂಪಿನಲ್ಲಿರುವ ಆಸೆ, ಮುಂದೆ ನಿಂತು ನಡೆಸುವ ಸ್ವಭಾವ, ಚುರುಕು, ರೋಮಾಂಚನದ ಹುಡುಕಾಟ, ಲವಲವಿಕೆ. ಡಾಕ್ಟರ ಕೋಣೆಯ ಹೊರಗೆ ಕಾಯುವಾಗ ನಿಮಗೆ ನೆರವಾದದ್ದು ಆತ್ಮೀಯತೆ. ಮೀಟಿಂಗ್‌ನಲ್ಲಿ ಮುಖ್ಯಸ್ಥರ ಕುರ್ಚಿಯಲ್ಲಿ ಕೂತಾಗ ಮೇಲೆದ್ದು ಬರುವುದು ಮುಂದೆ ನಿಂತು ನಡೆಸುವ ಸ್ವಭಾವ. ಮನುಷ್ಯ ಒಬ್ಬನೇ ಆದರೂ ಹುಡುಗರು ನೋಡುತ್ತಿರುವ ಮುಖ ಬೇರೆ.

ಸಾಮಾನ್ಯ ಮಾತುಕತೆಯಲ್ಲಿ ಒಬ್ಬರು ಮುಗಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟೇ ಇರುತ್ತದೆ. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನ ಇದನ್ನು ತೋರಿಸಿದೆ. ಇಷ್ಟು ಬೇಗ ಉತ್ತರ ಕೊಡಬೇಕಾದರೆ ಎದುರಿನವರು ಮುಗಿಸುವ ಮೊದಲೇ ಮಾತು ಸಿದ್ಧವಾಗಿರಬೇಕು. ಎಲ್ಲರೂ ಹೀಗೇ ಮಾಡುತ್ತಾರೆ. ಆದರೆ ನಿಮ್ಮಂಥವರಿಗೆ ಸಿದ್ಧವಾದ ಮಾತನ್ನು ಆಡದೆ ಇರುವುದು ಕಷ್ಟ. ‘ಸರ್, ಗದಗದಾಗ ಸ್ಟಾಕಿಸ್ಟ್ ಕಡೆ ಮಾಲು ಹಂಗೇ ಉಳಕೊಂಡೈತ್ರೀ…’ ಎಂದು ಹುಡುಗ ಉಸಿರು ತೆಗೆದುಕೊಳ್ಳುತ್ತಾನೆ. ನೀವು ‘ಅದು ನನಗ ಗೊತ್ತೈತಿ ಬಿಡಪಾ, ನಾನಿದ್ದಾಗೂ ಹಿಂಗೇ ಆಗಿತ್ತು’ ಎನ್ನುತ್ತೀರಿ. ನಿಮ್ಮ ಮನಸ್ಸಿನಲ್ಲಿ ಅದು ‘ನಾನೂ ನಿನ್ನ ಜೊತೆಗಿದ್ದೇನೆ’ ಎಂಬ ಭರವಸೆ. ಅವನಿಗೆ ಮಾತ್ರ ತನ್ನ ಮಾತು ಅಲ್ಲಿಗೇ ನಿಂತಿತು. ಮಾಲು ಯಾಕೆ ಉಳಿಯಿತು ಎಂಬುದು ಆ ವಾಕ್ಯದ ಎರಡನೇ ಅರ್ಧದಲ್ಲಿತ್ತು.

ಮಾಡಬೇಕಾದದ್ದು ಇಷ್ಟು. ಅವನು ನಿಲ್ಲಿಸಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಿ. ಬಹಳ ಸಲ ಎರಡಕ್ಕೆ ಬರುವಷ್ಟರಲ್ಲಿ ಅವನೇ ಮುಂದುವರಿಸುತ್ತಾನೆ, ನಿಜವಾದ ವಿಷಯ ಹೊರಬರುವುದು ಆಗಲೇ. ಆಮೇಲೆ ನಿಮ್ಮ ಮೊದಲ ಮಾತು ಅವನು ಹೇಳಿದ್ದರ ಮೇಲೇ ಇನ್ನೊಂದು ಪ್ರಶ್ನೆಯಾಗಿರಲಿ: ‘ಎಷ್ಟು ಪೆಟ್ಟಿಗೆ ಉಳಿದಾವು? ಯಾವಾಗಿನಿಂದ?’ ನಿಮ್ಮ ಅನುಭವ ಎರಡನೇ ಪ್ರಶ್ನೆಯಾದ ಮೇಲೆ ಬರಲಿ. ಬೇಗಬೇಗ ‘ಹ್ಞೂಂ, ಹ್ಞೂಂ’ ಎನ್ನುವುದನ್ನು ಬಿಡಿ. ಅದು ‘ಬೇಗ ಮುಗಿಸು’ ಎಂಬಂತೆ ಕೇಳಿಸುತ್ತದೆ. ಮೀಟಿಂಗ್‌ನಲ್ಲಿ ಎಲ್ಲರಿಗಿಂತ ಕಿರಿಯನಿಂದ ಶುರುಮಾಡಿ, ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ. ಸಾಹೇಬರ ಮನಸ್ಸು ಮೊದಲೇ ತಿಳಿದರೆ ಆರು ಜನರಿಂದಲೂ ಅದೇ ಉತ್ತರ ಬರುತ್ತದೆ. 45 ನಿಮಿಷದ ಮೀಟಿಂಗ್ ಆದರೆ ತಲೆಗೆ ಐದರಂತೆ 30 ನಿಮಿಷ ಹುಡುಗರಿಗೆ, 15 ನಿಮಗೆ. ಗಡಿಯಾರ ನೋಡುವ ಕೆಲಸ ಅವರಲ್ಲೇ ಒಬ್ಬರಿಗೆ ಕೊಡಿ. ಮುಂದಿನ ವಾರ ‘ನೀನು ಹೇಳಿದ ಗದಗದ ವಿಷಯ ಹೀಗಾಯ್ತು’ ಎಂದು ಹೆಸರು ಹಿಡಿದು ತಿಳಿಸಿ. ಕೇಳಿಸಿಕೊಂಡಿದ್ದೀರಿ ಎಂದು ನಂಬಿಸಲು ಇದಕ್ಕಿಂತ ಬಲವಾದ ದಾರಿ ನನಗೆ ಕಾಣುವುದಿಲ್ಲ.

ಇಲ್ಲಿ ಒಂದು ಎಡವಟ್ಟು ಆಗುತ್ತದೆ. ಮಾತಾಡುವವರು ಹಠಾತ್ತನೆ ಬಾಯಿ ಮುಚ್ಚಿ ಕೂತರೆ ‘ಸಾಹೇಬರಿಗೆ ಸಿಟ್ಟು ಬಂದಿದೆ’ ಎಂದು ಹುಡುಗರು ಇನ್ನಷ್ಟು ಮುದುಡುತ್ತಾರೆ. ಆದ್ದರಿಂದ ಮೊದಲ ದಿನವೇ ‘ಇನ್ನು ಮೇಲೆ ನಾನು ಕೊನೆಗೆ ಮಾತಾಡ್ತೀನಿ’ ಎಂದು ಹೇಳಿಬಿಡಿ. ಹಾಗೆಂದು ನಿಮ್ಮ ಹುರುಪನ್ನು ಪೂರ್ತಿ ಅದುಮಿಡಬೇಡಿ. ಅಮೆರಿಕದ ಪಿಜ್ಜಾ ಅಂಗಡಿಗಳಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೇಳಿದ್ದಷ್ಟೇ ಮಾಡುವ ಸಿಬ್ಬಂದಿ ಇದ್ದ ಕಡೆ ಬಹಿರ್ಮುಖಿ ಮೇಲ್ವಿಚಾರಕರಿದ್ದಾಗ ಲಾಭ ಹೆಚ್ಚಿತ್ತು. ತಾವಾಗಿ ಸಲಹೆ ಕೊಡುವ ಸಿಬ್ಬಂದಿ ಇದ್ದ ಕಡೆ ಕಡಿಮೆ ಇತ್ತು. ನಿಮ್ಮ ಹುಡುಗರು ದೂರು ಕೊಡುವಷ್ಟು ಗಟ್ಟಿ ಇದ್ದಾರೆ, ಅಂದರೆ ಎರಡನೇ ಗುಂಪಿನವರು.

ಪ್ರಶ್ನೆ: ಬೆಂಗಳೂರಿನ ಆಫೀಸು ಬಿಟ್ಟು ಶಿವಮೊಗ್ಗದ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಜನರ ನಡುವೆ ಇದ್ದವಳು, ಈಗ ಮಧ್ಯಾಹ್ನಕ್ಕೇ ಮಂಕಾಗುತ್ತೇನೆ. ಆದರೆ ವಾರಾಂತ್ಯದಲ್ಲಿ ಗೆಳತಿಯರ ಜೊತೆ ದಿನವಿಡೀ ಕಳೆದರೂ ಸುಸ್ತಾಗುತ್ತದೆ. ನಾನು ಬಹಿರ್ಮುಖಿ ಹೌದೋ ಅಲ್ಲವೋ?

ಉತ್ತರ: ಹೌದು. ಸುಸ್ತಾಗುವುದು ಅದಕ್ಕೆ ವಿರುದ್ಧವಾದ ಸಾಕ್ಷಿಯಲ್ಲ. ‘ಬಹಿರ್ಮುಖಿಗಳಿಗೆ ಜನರಿಂದಲೇ ಶಕ್ತಿ’ ಎಂಬ ಮಾತು ಅರ್ಧ ನಿಜ. 2017ರಲ್ಲಿ ಪ್ರಕಟವಾದ ಫಿನ್‌ಲೆಂಡಿನ ಅಧ್ಯಯನವೊಂದರಲ್ಲಿ, ಉತ್ಸಾಹದಿಂದ ಬೆರೆತ ಕ್ಷಣದಲ್ಲಿ ಮನಸ್ಸು ಹಗುರಾಗಿದ್ದರೂ ಸುಮಾರು ಮೂರು ಗಂಟೆಯ ನಂತರ ದಣಿವು ಕಾಣಿಸಿಕೊಂಡಿತ್ತು. ಅಂತರ್ಮುಖಿ, ಬಹಿರ್ಮುಖಿ ಇಬ್ಬರಲ್ಲೂ ಹೀಗೇ.

ಆದ್ದರಿಂದ ವಾರದ ಒಡನಾಟವನ್ನೆಲ್ಲ ಭಾನುವಾರಕ್ಕೆ ತುರುಕಬೇಡಿ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಸಹೋದ್ಯೋಗಿಗೆ ಹತ್ತು ನಿಮಿಷದ ಫೋನು. ಮಂಕು ಕವಿಯುವ ಹೊತ್ತಿಗೆ ಅರ್ಧ ಗಂಟೆ ಮೊದಲು, ಎಂದರೆ ಊಟಕ್ಕೆ, ಯಾರಾದರೂ ಜೊತೆಗಿರಲಿ. ವಾರಕ್ಕೆ ಎರಡು ಸಂಜೆ ಅದೇ ಜನ, ಅದೇ ಹೊತ್ತು ಸಿಗುವ ಯಾವುದಾದರೂ ತಂಡ ಸೇರಿ: ಭಜನಾ ಮಂಡಳಿ, ಬ್ಯಾಡ್ಮಿಂಟನ್, ಹವ್ಯಾಸಿ ನಾಟಕ. ನಿಗದಿಯಾದ ದಿನವಿದ್ದರೆ ಪ್ರತಿ ಸಲ ‘ಯಾರು ಬರ್ತೀರಿ’ ಎಂದು ಕೇಳುವ ಕಷ್ಟ ತಪ್ಪುತ್ತದೆ. ವಾಟ್ಸ್‌ಆ್ಯಪ್ ಗುಂಪಿನ ಹರಟೆ ಈ ಹಸಿವನ್ನು ತೀರಿಸುವುದಿಲ್ಲ, ಎದುರಿನವರ ಮುಖ, ನಗು, ದನಿ ಅಲ್ಲಿಲ್ಲ. ಮದುವೆ, ಗೃಹಪ್ರವೇಶ ಮುಗಿಸಿ ಬಂದ ಸಂಜೆಗೆ ಮುಖ್ಯವಾದ ಕೆಲಸ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನನ್ನ ತಮ್ಮ, 24 ವರ್ಷ, ಮಾತು ಕಡಿಮೆ. ಹತ್ತು ದಿನದಿಂದ ಎಲ್ಲರೊಡನೆ ಎಡೆಬಿಡದೆ ಮಾತಾಡುತ್ತಿದ್ದಾನೆ, ರಾತ್ರಿ ಮೂರು ಗಂಟೆ ಮಲಗಿದರೆ ಸಾಕು ಎನ್ನುತ್ತಾನೆ, ಸಾಲ ಮಾಡಿ ಬೈಕ್ ತಂದಿದ್ದಾನೆ. ಸಂಕೋಚ ಬಿಟ್ಟಿತು ಎಂದು ಅಮ್ಮನಿಗೆ ಖುಷಿ.

ಉತ್ತರ: ಇದನ್ನು ಸ್ವಭಾವ ಬದಲಾದದ್ದು ಎಂದುಕೊಂಡು ಕಾಯಬೇಡಿ. ಬಹಿರ್ಮುಖತೆ ಹತ್ತು ದಿನದಲ್ಲಿ ಬರುವಂಥದ್ದಲ್ಲ. ವಯಸ್ಸಿನೊಂದಿಗೆ ಬದಲಾದರೂ ವರ್ಷಗಟ್ಟಲೆ ನಿಧಾನವಾಗಿ ಬದಲಾಗುತ್ತದೆ. ನಿದ್ದೆ ತೀರಾ ಕಡಿಮೆಯಾಗಿಯೂ ದಣಿವಿಲ್ಲದಿರುವುದು, ಮಾತಿನ ವೇಗ, ಕೈ ಮೀರಿದ ಖರ್ಚು ಇವೆಲ್ಲ ಒಟ್ಟಿಗೆ ಒಂದು ವಾರ ದಾಟಿದರೆ ವೈದ್ಯರು ಉನ್ಮಾದವನ್ನು, ಅಂದರೆ ಮೇನಿಯಾವನ್ನು, ಶಂಕಿಸುತ್ತಾರೆ. ಸ್ಟೀರಾಯ್ಡ್ ಅಥವಾ ಖಿನ್ನತೆಯ ಮಾತ್ರೆಗಳಿಂದಲೂ, ಥೈರಾಯ್ಡ್ ಏರುಪೇರಿನಿಂದಲೂ ಹೀಗಾಗಬಹುದು. ಅವನು ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಜೊತೆಗಿರಲಿ. ಒಂದೆರಡು ದಿನದೊಳಗೆ ಮನೋವೈದ್ಯರಿಗೆ ತೋರಿಸಿ. ‘ನಿನಗೆ ಹುಚ್ಚು’ ಎಂದು ವಾದಕ್ಕಿಳಿಯಬೇಡಿ. ‘ನಿದ್ದೆ ಕಡಿಮೆಯಾಗಿದೆ, ಅದಕ್ಕೊಮ್ಮೆ ತೋರಿಸೋಣ’ ಎಂದರೆ ಒಪ್ಪುವ ಸಾಧ್ಯತೆ ಹೆಚ್ಚು. ಅಲ್ಲಿಯವರೆಗೆ ಬೈಕಿನ ಕೀಲಿ, ಎಟಿಎಂ ಕಾರ್ಡು ಮನೆಯವರ ಬಳಿ ಇರುವಂತೆ ನೋಡಿಕೊಳ್ಳಿ. ಬರಲು ಒಪ್ಪದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ನೀವೇ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊಡೆದಾಟಕ್ಕಿಳಿದರೆ ಅಥವಾ ಊಟ ನಿದ್ದೆ ಪೂರ್ತಿ ನಿಂತರೆ ಅದೇ ದಿನ ಜಿಲ್ಲಾ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.